ಕಾಲು ಎತ್ತಿ ಕೂತವರು

ನಮ್ಮೂರಿನಲ್ಲಿ ಕಾಲು ಕೆಳಗಿಟ್ಟು ಕೂತ ದೊಡ್ಡ ಮನುಷ್ಯನನ್ನು ನೀವು ಕಾಣಲಾರಿರಿ. ಜಗಲಿಯಾದರೆ ಜಗಲಿ, ಬೆಂಚಾದರೆ ಬೆಂಚು, ಎರಡೂ ಕಾಲನ್ನು ಮೇಲಕ್ಕೆಳೆದುಕೊಂಡು ಚಕ್ಕಳಮಕ್ಕಳ ಹಾಕಿದ ಮೇಲೆಯೇ ಮಾತು ಶುರು. ಹೊಸಬರು ಇದನ್ನು ಸಂಸ್ಕಾರ ಅಂದುಕೊಳ್ಳುತ್ತಾರೆ. ಸಂಸ್ಕಾರವೂ ಇಲ್ಲ, ಮಣ್ಣೂ ಇಲ್ಲ. ಬೀದಿಯಲ್ಲಿ ಹೋಗುವ ಕಾಗದ ಎಲ್ಲಿ ಬಂದು ಕಾಲಿಗೆ ತಾಗಿಬಿಡುತ್ತದೋ ಎಂಬ ಹೆದರಿಕೆ, ಅಷ್ಟೆ.

ಕಾಗದ ಅಂದರೆ ಎಲ್ಲ ಕಾಗದವೂ ಅಲ್ಲ. ತಲೆಯ ಮೇಲೆ ‘ಟು ಹೂಮ್‌ಸೋಎವರ್ ಇಟ್ ಮೇ ಕನ್ಸರ್ನ್’ ಎಂಬ ಇಂಗ್ಲಿಷ್ ಒಕ್ಕಣೆ ಇರುವ ಕಾಗದ. ಯಾರಿಗೆ ಸಂಬಂಧಪಡುತ್ತದೋ ಅವರಿಗೆ ಎಂದು ಅದರ ಅರ್ಥ. ಬೇರೆ ಊರುಗಳಲ್ಲಿ ಈ ಸಾಲನ್ನು ಬರೆದು, ಮೊಹರು ಒತ್ತಿ, ಫೈಲಿನಲ್ಲಿಟ್ಟು ಮರೆತುಬಿಡುತ್ತಾರಂತೆ. ನಮ್ಮಲ್ಲಿ ಸರಿಯಾಗಿ ಬರೆದರೆ ಕಾಗದ ಮೂಲೆ ಎತ್ತಿ ಮೇಜಿನಿಂದ ಇಳಿದು, ನೆಲದ ಮೇಲೆ ಸರಸರನೆ ಹೊರಟು, ಆ ವಿಷಯ ಯಾರಿಗೆ ಸಂಬಂಧಪಡುತ್ತದೋ ಅವರ ಪಾದಕ್ಕೆ ಹೋಗಿ ತಾಗುತ್ತದೆ. ತಾಗಿಸಿಕೊಂಡವರು ಅದನ್ನೆತ್ತಿಕೊಂಡು ಪುರಸಭೆಯ ಕಿಟಕಿಗೆ ಹೋಗಿ, ಹೌದು, ಇದು ನನಗೆ ಸಂಬಂಧಪಟ್ಟಿದ್ದು ಎಂದು ಸಹಿ ಹಾಕಬೇಕು. ಹಿಂದಿನವರು ಮಾಡಿಟ್ಟ ಕಟ್ಟಳೆ. ನಮ್ಮ ಜನ ಕಟ್ಟಳೆ ಮುರಿಯುವವರಲ್ಲ, ಕಾಲು ಎತ್ತಿಕೊಳ್ಳುವವರು.

ಮರ್ಯಾದಸ್ಥರ ಮನೆಗಳ ಬಾಗಿಲ ಕೆಳಗೆ ಹಳೇ ಟೈರಿನ ಪಟ್ಟಿ ಹೊಡೆದಿರುತ್ತದೆ, ಕಾಗದ ನುಸುಳದಿರಲಿ ಎಂದು. ಸಂತೆಬೀದಿಯಲ್ಲಿ ಒಂದು ಕಾಗದ ಕಾಣಿಸಿಕೊಂಡರೆ ನೋಡಬೇಕು. ಪಂಚೆ ಎತ್ತಿ ಹಿಡಿದು ಕಟ್ಟೆ ಹತ್ತುವವರೇನು, ಅಂಗಡಿ ಮೂಟೆಯ ಮೇಲೆ ಕುಪ್ಪಳಿಸುವವರೇನು! ಎಂಬತ್ತರ ಮುದುಕರೂ ಆ ಹೊತ್ತಿಗೆ ಮಂಡಿನೋವು ಮರೆಯುತ್ತಾರೆ. ಕಾಗದ ದಾಟಿ ಹೋದ ಮೇಲೆ ಇಳಿದು, “ಪಾಪ, ಯಾರದೋ ಏನೋ” ಎಂದು ಲೊಚಗುಟ್ಟುತ್ತಾರೆ. ಈ ‘ಪಾಪ’ ಎಂಬ ಮಾತು ನಮ್ಮೂರಿನಲ್ಲಿ ಬಲು ಅಗ್ಗ.

ಸರಿಯಾಗಿ ಬರೆದರೆ ಎಂದೆನಲ್ಲ, ಅದು ನನ್ನ ಕಸುಬು. ನಾನು ಸೀತಾಪತಿ. ಪುರಸಭೆಯ ಗೇಟಿನ ಎಡಗಡೆ ಮೇಜು ಹಾಕಿಕೊಂಡು ಕೂತು ಅರ್ಜಿ, ನೋಟೀಸು, ಸರ್ಟಿಫಿಕೇಟು ಬರೆದುಕೊಡುವವನು. ಬರಹದ ಮೇಷ್ಟ್ರು ಅನ್ನುತ್ತಾರೆ. ಆ ಒಕ್ಕಣೆಯನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂದು ಈ ಊರಿನಲ್ಲಿ ತಿಳಿದವನು ನಾನೊಬ್ಬನೇ ಎಂದರೆ ಜಂಬವಲ್ಲ, ಉಳಿದವರ ದಡ್ಡತನ. ಹೆಸರು ಗೊತ್ತಿರುವವರಿಗೆ ಬರೆಯುವಾಗ ಅದನ್ನು ಹಾಕಬಾರದು. ಹಾಕಿದರೆ ಕಾಗದ ಸತ್ತಂತೆ ಬಿದ್ದಿರುತ್ತದೆ. ಜವಳಿ ಅಂಗಡಿಯವನೊಬ್ಬ ತನ್ನ ರಿಯಾಯಿತಿ ಮಾರಾಟದ ಸಾವಿರ ಕರಪತ್ರದ ಮೇಲೆ ಈ ಸಾಲು ಅಚ್ಚು ಹಾಕಿಸಿದ. ಒಂದೂ ಕದಲಲಿಲ್ಲ. ಹೈಸ್ಕೂಲಿನ ಇಂಗ್ಲಿಷ್ ಮೇಡಂ ಒಮ್ಮೆ ಪರೀಕ್ಷೆಯಲ್ಲಿ, ಈ ಪದಪುಂಜವನ್ನು ಸ್ವಂತ ವಾಕ್ಯದಲ್ಲಿ ಸರಿಯಾಗಿ ಬಳಸಿ ಎಂದು ಪ್ರಶ್ನೆ ಕೊಟ್ಟರು. ಮಕ್ಕಳು ಪಾಪ ಸುಳ್ಳು ಬರೆಯಲು ಇನ್ನೂ ಕಲಿತಿರಲಿಲ್ಲ. ಅಪ್ಪ ಹೊಡೆಯುತ್ತಾನೆ, ಅನ್ನ ಸಾಲುವುದಿಲ್ಲ, ಶಾಲೆಯ ಕಕ್ಕಸಿಗೆ ಬಾಗಿಲಿಲ್ಲ ಎಂದೆಲ್ಲ ಬರೆದರು. ಉತ್ತರಪತ್ರಿಕೆಗಳು ಸಾಲುಗಟ್ಟಿ ಗೇಟು ದಾಟಿ ಊರೊಳಗೆ ಹೊರಟವು. ಆ ಮಧ್ಯಾಹ್ನ ಇಡೀ ಊರು ಕಟ್ಟೆ ಹತ್ತಿ ಕೂತಿತ್ತು. ಮರುವರ್ಷದಿಂದ ಆ ಪ್ರಶ್ನೆಯ ಉತ್ತರವನ್ನು ಸ್ಲೇಟಿನ ಮೇಲೆ ಬರೆಸುತ್ತಾರೆ.

ಪುರಸಭೆಗೆ ನಾನು ಬೇಕಾಗಿದ್ದು ಬೇರೆ ಕಾರಣಕ್ಕೆ. ಯಾರನ್ನಾದರೂ ಎಬ್ಬಿಸಬೇಕು, ಏನನ್ನಾದರೂ ಕೆಡವಬೇಕು ಅಂದರೆ ಈ ಒಕ್ಕಣೆ ಹಾಕಿಯೇ ನೋಟೀಸು ಹೊರಡಿಸಬೇಕು. ಮೂರನೆಯ ದಿನ ಸಂಜೆ ಐದರೊಳಗೆ ಯಾರಾದರೂ ಒಬ್ಬರು ಬಂದು ಸಹಿ ಹಾಕಿದರೆ ನೋಟೀಸು ರದ್ದು. ಯಾರೂ ಬರದಿದ್ದರೆ ಯಾರಿಗೂ ಸಂಬಂಧವಿಲ್ಲವೆಂದು ಅರ್ಥ, ಆರನೆಯ ಗಂಟೆಗೆ ಹಾರೆ ಗುದ್ದಲಿ. ನೋಟೀಸಿನಲ್ಲಿ ಹೆಸರಿರುವವರು ಮಾತ್ರ ಸಹಿ ಹಾಕುವಂತಿಲ್ಲ. ಒಬ್ಬರ ಕಷ್ಟ ಇನ್ನೊಬ್ಬರಿಗೆ ತಾಗಿದರಷ್ಟೇ ಲೆಕ್ಕ. ಹಾಗಾಗಿ ಒಕ್ಕಣೆ ಸರಿಯಾಗಿರಬೇಕು, ಆದರೆ ಅದರ ಕೆಳಗಿನ ಸಾಲುಗಳು ಯಾರ ಎದೆಗೂ ತಾಗದಂತಿರಬೇಕು. ಗುಡಿಸಲು ಅನ್ನಬಾರದು, ‘ಸದರಿ ತಾತ್ಕಾಲಿಕ ರಚನೆ’ ಅನ್ನಬೇಕು. ಮುದುಕಿ ಅನ್ನಬಾರದು, ‘ಅನುಭೋಗದಾರರು’ ಅನ್ನಬೇಕು. ನನ್ನ ಕೈಯಿಂದ ಹೊರಟ ನೋಟೀಸುಗಳು ಗುಮಾಸ್ತರ ಮೇಜಿನ ಮೇಲೆ ಮೂರು ದಿನ ಮಿಸುಕದೆ ಮಲಗುತ್ತಿದ್ದವು. ಅಧ್ಯಕ್ಷ ವೃಷಭೇಂದ್ರಪ್ಪ ನನ್ನ ಬೆನ್ನು ತಟ್ಟಿ, “ಮೇಷ್ಟ್ರೇ, ನಿಮ್ಮ ಕೈಗುಣ ನೋಡ್ರಿ, ಹೆಣ ಇದ್ದಂಗೆ ಬಿದ್ದಿರ್ತವೆ” ಅನ್ನುತ್ತಿದ್ದರು. ನಾನು ಹಿಗ್ಗುತ್ತಿದ್ದೆ. ಇದನ್ನೇಕೆ ಮುಚ್ಚಿಡಲಿ?

ನನ್ನ ಮೇಜಿನ ಎದುರಿಗೆ, ಗೇಟಿನ ಬಲಗಡೆ, ಮಾಚಮ್ಮನ ಇಸ್ತ್ರಿ ಶೆಡ್ಡು. ನಾಲ್ಕು ತಗಡು, ಒಂದು ಕಲ್ಲಿನ ಮೇಜು, ಇದ್ದಿಲು ತುಂಬಿದ ಹಿತ್ತಾಳೆಯ ಪೆಟ್ಟಿಗೆ. ಹದಿನೆಂಟು ವರ್ಷ ನಾವಿಬ್ಬರೂ ಎದುರುಬದುರು ಕೂತವರು. ಊರಿನ ಗಣ್ಯರೆಲ್ಲ ಗರಿಗರಿಯಾಗಿ ಕಾಣುವುದು ಅವಳ ತೋಳಿನ ಬಲದಿಂದ. ಅವಳು ಇಸ್ತ್ರಿ ಹಾಕುತ್ತಿದ್ದದ್ದು ಬಟ್ಟೆಗೆ ಮಾತ್ರವಲ್ಲ. ಜನ ತುಳಿದು ಮುದುರಿದ ಕಾಗದಗಳು ಅವಳ ಶೆಡ್ಡಿನ ನೆರಳಿಗೆ ತೆವಳಿಕೊಂಡು ಬರುತ್ತಿದ್ದವು. ಅವಳು ಒಂದೊಂದನ್ನೇ ಎತ್ತಿ, ನೀರು ಚಿಮುಕಿಸದೆ ಹದವಾದ ಬಿಸಿಯಲ್ಲಿ ಒತ್ತಿ, ಸುಕ್ಕು ಬಿಡಿಸಿ ನೆಲಕ್ಕಿಡುತ್ತಿದ್ದಳು. ಅವು ಮತ್ತೆ ತಮ್ಮ ದಾರಿ ಹಿಡಿಯುತ್ತಿದ್ದವು.

“ನಿನಗ್ಯಾಕಮ್ಮ ಊರ ಉಸಾಬರಿ?” ಎಂದು ಒಮ್ಮೆ ಕೇಳಿದ್ದೆ.

“ಕುಂಟ್ಕಂಡ್ ಹೋಯ್ತಿದ್ರೆ ನೋಡಕ್ಕಾಗಕಿಲ್ಲ ಮೇಷ್ಟ್ರೆ” ಅಂದಿದ್ದಳು.

ನನ್ನ ಅಂಗಿಗಳನ್ನೂ ಅವಳೇ ಇಸ್ತ್ರಿ ಮಾಡುತ್ತಿದ್ದಳು. ಅವಳ ತಂಗಿಯ ಊರಿಂದ ಬರುವ ಪತ್ರಗಳನ್ನು ನಾನು ಓದಿ ಹೇಳುತ್ತಿದ್ದೆ. ಅವಳು ನೆಲದ ಮೇಲೆ ಬರಿಗಾಲಲ್ಲಿ ನಿಂತಿರುತ್ತಿದ್ದಳು. ನಾನು ಎತ್ತರದ ಸ್ಟೂಲಿನ ಮೇಲೆ, ಅಡ್ಡಪಟ್ಟಿಗೆ ಕಾಲು ಏರಿಸಿಕೊಂಡು. ಅಷ್ಟು ವರ್ಷದಲ್ಲಿ ಒಂದು ಕಾಗದವೂ ನನಗೆ ತಾಗಿರಲಿಲ್ಲ, ಅದು ನನ್ನ ಹೆಮ್ಮೆಯಾಗಿತ್ತು.

ಹೀಗಿರುವಾಗ ವೃಷಭೇಂದ್ರಪ್ಪನವರಿಗೆ ಕಮಾನಿನ ಹುಚ್ಚು ಹಿಡಿಯಿತು. ಪುರಸಭೆಯ ಗೇಟಿಗೆ ತಮ್ಮ ಹೆಸರು ಕೆತ್ತಿದ ಕಲ್ಲಿನ ಸ್ವಾಗತ ಕಮಾನು ಆಗಬೇಕು. ನೀರಿಲ್ಲದ ನಲ್ಲಿ, ಬಲ್ಬಿಲ್ಲದ ಕಂಬ ಇರುವ ಊರಿಗೆ ಸ್ವಾಗತ! ಕಮಾನಿನ ಕಂಬ ಮಾಚಮ್ಮನ ಶೆಡ್ಡು ಇರುವ ಕಡೆಯೇ ಬರಬೇಕು ಎಂದು ಮೇಸ್ತ್ರಿ ಗೆರೆ ಹಾಕಿಬಿಟ್ಟ.

ಅಧ್ಯಕ್ಷರು ನನ್ನನ್ನು ಒಳಗೆ ಕರೆಸಿದರು. ಅವರೂ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿದ್ದರು. “ಮೇಷ್ಟ್ರೇ, ಆ ಹೆಂಗಸಿಂದು ಒಂದು ನೋಟೀಸ್ ಆಗ್ಬೇಕಲ್ಲ. ಎಲ್ಲರ ಬಟ್ಟೇನೂ ಅವಳ ಹತ್ರನೇ ಇರುತ್ತೆ, ಯಾರಿಗಾದ್ರೂ ತಾಗೀತು. ಸ್ವಲ್ಪ ಗಟ್ಟಿಯಾಗಿ ಬರೀರಿ.”

ಗಟ್ಟಿಯಾಗಿಯೇ ಬರೆದೆ. ಹೆಸರು ಹಾಕದೆ ವಿಧಿಯಿಲ್ಲ, ಒಂದು ಮೂಲೆಯಲ್ಲಿ ಹಾಕಿದೆ. ಉಳಿದದ್ದೆಲ್ಲ ಸದರಿ, ಮೇಲ್ಕಂಡ, ತತ್ಸಂಬಂಧ. ಬರೆದು ಮುಗಿಸಿ ಓದಿದರೆ ನನಗೇ ಆಕಳಿಕೆ ಬಂತು. ಕೆಲಸ ಚೆನ್ನಾಗಿ ಆಗಿದೆ ಅಂದುಕೊಂಡೆ.

ಕಿಟಕಿಯ ಗುಮಾಸ್ತ ಶಾಂತವೀರ ಸುದ್ದಿಯನ್ನು ಮಾಚಮ್ಮನಿಗೆ ಹೇಳಿದ. ಅವಳು ಅಳಲಿಲ್ಲ. ಆ ಶೆಡ್ಡು ಹೋದರೆ ಅವಳಿಗೆ ಊರಾಚೆ ಕೆರೆಕೋಡಿಯ ಕೊಟ್ಟಿಗೆಯೇ ಗತಿ. ಅಲ್ಲಿಗೆ ಯಾವ ಗಣ್ಯ ಬಟ್ಟೆ ಹೊತ್ತು ಹೋಗುತ್ತಾನೆ? ಹದಿನೆಂಟು ವರ್ಷದ ಗಿರಾಕಿ, ಗುರುತು, ಕೂಳು ಎಲ್ಲ ಹೋದ ಹಾಗೆ. ಎರಡು ದಿನ ಅವಳು ಇಸ್ತ್ರಿ ಆದ ಬಟ್ಟೆಗಳನ್ನು ತಾನೇ ಮನೆಮನೆಗೆ ಮುಟ್ಟಿಸುತ್ತಾ, “ಬಾಗ್ಲು ವಸಿ ತಗ್ದಿಡಿ, ಕಾಲು ಕೆಳಗಿಟ್ಕಂಡಿರಿ, ನನ್ ಕಾಗ್ದ ಬಂದ್ರೂ ಬರ್ಬೌದು” ಎಂದು ಕೇಳಿಕೊಂಡು ಬಂದಳು. ಎಲ್ಲರೂ ಅಯ್ಯೋ ಅಂದರು. ವಕೀಲರ ಹೆಂಡತಿ ಕಣ್ಣೊರೆಸಿಕೊಂಡು ಒಂದು ಲೋಟ ಮಜ್ಜಿಗೆ ಕೊಟ್ಟರು. ಅವಳು ಮೆಟ್ಟಿಲಿಳಿದ ಮೇಲೆ ಬಾಗಿಲು ಹಾಕಿ ಟೈರಿನ ಪಟ್ಟಿಯನ್ನು ಕಾಲಿನಿಂದ ಒತ್ತಿ ನೋಡಿದರು. ಅವರೇ ನನಗೆ ಆಮೇಲೆ ಹೇಳಿದ್ದು, ಜಾಣತನದ ಮಾತು ಎಂಬಂತೆ.

ನನ್ನನ್ನು ಅವಳು ಏನೂ ಕೇಳಲಿಲ್ಲ. ನೋಟೀಸು ಬರೆದವನು ನಾನೆಂದು ಅವಳಿಗೆ ಗೊತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಎರಡರ ಸುಮಾರಿಗೆ ಒಳಗಡೆ ಗಲಾಟೆ ಕೇಳಿಸಿತು. ಅಷ್ಟು ಹೊತ್ತು ಹೆಣದಂತಿದ್ದ ನೋಟೀಸು ಇದ್ದಕ್ಕಿದ್ದಂತೆ ಮೂಲೆ ಎತ್ತಿತ್ತಂತೆ. ಶಾಂತವೀರ ಹೆದರಿ ರೂಲುದೊಣ್ಣೆಯಿಂದ ಬಡಿದ. ಅಧ್ಯಕ್ಷರು ಕುರ್ಚಿಯ ಮೇಲೆ ನಿಂತುಕೊಂಡು, “ಮುದುರಿ ಬಿಸಾಕೋ ಅದನ್ನ!” ಎಂದು ಕಿರುಚಿದರು. ಅವನು ಕಾಗದವನ್ನು ಉಂಡೆ ಕಟ್ಟಿ ಕಸದ ಬುಟ್ಟಿಗೆ ಎಸೆದ. ಅದು ಬುಟ್ಟಿ ಉರುಳಿಸಿಕೊಂಡು ಹೊರಬಂದು, ಮೆಟ್ಟಿಲ ಮೇಲೆ ಪುಟಿಯುತ್ತಾ ಅಂಗಳಕ್ಕಿಳಿದು, ಮುದುರಿದ ಕಾಗದಗಳೆಲ್ಲ ಹೋಗುವ ಕಡೆಗೇ ಹೋಯಿತು.

ಮಾಚಮ್ಮ ಎತ್ತಿಕೊಂಡಳು. ಉಂಡೆ ಬಿಡಿಸಿ ಕಲ್ಲಿನ ಮೇಲೆ ಹರಡಿದಳು. ದೂರದಿಂದಲೇ ನನ್ನ ಕೈಬರಹ ನನಗೆ ಕಂಡಿತು.

“ಯಾವ್ದು ಮೇಷ್ಟ್ರೆ ಇದು?” ಎಂದು ಅಲ್ಲಿಂದಲೇ ಕೇಳಿದಳು.

“ಯಾವುದೋ ಲೈಸೆನ್ಸಿನದು” ಅಂದೆ. ನಾಲಗೆ ಅಷ್ಟು ಸಲೀಸಾಗಿ ಹೊರಳಿತು.

ಅವಳು ಪೆಟ್ಟಿಗೆಯ ಬೂದಿ ಊದಿ, ಕೈಹಿಂಬದಿಗೆ ಬಿಸಿ ನೋಡಿಕೊಂಡು, ನಿಧಾನವಾಗಿ ಒತ್ತಿದಳು. ತಿರುವಿ ಹಾಕಿ ಇನ್ನೊಮ್ಮೆ ಒತ್ತಿದಳು. ಮೂಲೆಗಳನ್ನು ಉಗುರಿನಿಂದ ತೀಡಿದಳು. ಯಾವ ಕಾಗದಕ್ಕೂ ಅವಳು ಅಷ್ಟು ಹೊತ್ತು ತೆಗೆದುಕೊಂಡದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಬಾಗಿ ನೆಲಕ್ಕಿಟ್ಟಳು. ಕಾಗದ ಒಂದು ಗಳಿಗೆ ನಿಂತು, ಗೇಟಿನ ಅಗಲವನ್ನು ದಾಟಿ, ನೆಟ್ಟಗೆ ನನ್ನ ಸ್ಟೂಲಿನ ಬುಡಕ್ಕೆ ಬಂತು.

ಕಾಗದ ನೆಲ ಬಿಟ್ಟು ಏರಲಾರದು. ಅಡ್ಡಪಟ್ಟಿಯ ಮೇಲೆ ನನ್ನ ಕಾಲು, ಒಂದು ಗೇಣು ಕೆಳಗೆ ಅದು. ಸ್ಟೂಲಿನ ಸುತ್ತ ಒಂದು ಸುತ್ತು ಹಾಕಿ ಸುಮ್ಮನೆ ಬಿದ್ದುಕೊಂಡಿತು. ಇಸ್ತ್ರಿಯ ಕಾವು ಅಂಗಾಲಿಗೆ ತಟ್ಟುತ್ತಿತ್ತು, ಅಥವಾ ಹಾಗೆ ನನಗೆ ಅನ್ನಿಸಿತು. ಬೆರಳು ಕೆಳಗಿಟ್ಟರೆ ಸಾಕಿತ್ತು. ಎತ್ತಿಕೊಂಡು ಕಿಟಕಿಗೆ ಹೋಗಿ ಸಹಿ ಹಾಕಿದರೆ ಅವಳ ಶೆಡ್ಡು ಉಳಿಯುತ್ತಿತ್ತು. ಆದರೆ ಅಧ್ಯಕ್ಷರು ಕಿಟಕಿಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಪುರಸಭೆಯ ಬರಹ ತಪ್ಪಿದರೆ ನನಗೆ ಈ ಊರಿನಲ್ಲಿ ಬೇರೇನು ಕೆಲಸವಿದೆ? ಯಾರದೋ ಅಂಗಡಿಯ ಬೋರ್ಡು ಬರೆಯಲೇ?

ಮೂರು ಗಂಟೆ ಹೊತ್ತು ನಾನು ಕಾಲು ಎತ್ತಿ ಕೂತೆ. ತೊಡೆ ಜೋಮು ಹಿಡಿಯಿತು. ಮೀನಖಂಡ ಹಿಂಡಿ ಕಣ್ಣಲ್ಲಿ ನೀರು ಬಂತು. ಬೀದಿಯಲ್ಲಿ ಹೋಗುವವರು ನೋಡಿ, ತಮಾಷೆ ಅರ್ಥವಾಗಿ, ಕಟ್ಟೆ ಹತ್ತಿ ಕೂತರು. ಒಬ್ಬ ಕಡಲೆಕಾಯಿ ತಂದ. ಬರಹದ ಮೇಷ್ಟ್ರು ಗೆಲ್ಲುತ್ತಾರೋ ಕಾಗದ ಗೆಲ್ಲುತ್ತದೋ ಎಂದು ಮಾತಾಡಿಕೊಂಡರು. ನಾನು ಸೋಲಲಿಲ್ಲ. ಮಾಚಮ್ಮ ಎದುರಿಗೆ ಯಾರದೋ ಪಂಚೆ ಮಡಿಸುತ್ತಾ ನಿಂತಿದ್ದಳು. ಒಂದೆರಡು ಸಲ ನನ್ನ ಕಡೆ ನೋಡಿದಳು, ನಾನು ಲೆಕ್ಕಣಿಕೆಯ ತುದಿ ನೋಡಿಕೊಂಡೆ. ಐದು ಹೊಡೆಯಿತು. ಕಾಗದ ತಣ್ಣಗಾಯಿತು. ಆರಕ್ಕೆ ತಗಡು ಕೀಳುವ ಸದ್ದು.

ಅವಳು ಪೆಟ್ಟಿಗೆಯ ಕೆಂಡವನ್ನು ಮಣ್ಣಿಗೆ ಸುರಿದು ಆರಿಸಿ, ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಕೆರೆಕೋಡಿಯ ದಾರಿ ಹಿಡಿದಳು. ಹೋಗುವ ಮುಂಚೆ ನನ್ನ ಎರಡು ಅಂಗಿಗಳನ್ನು ಮೇಜಿನ ಮೇಲೆ ಇಟ್ಟು ಹೋದಳು. ಇಸ್ತ್ರಿ ಆಗಿತ್ತು.

ಊರಿನ ಗಣ್ಯರು ಆರು ತಿಂಗಳು ಮುದುರಿದ ಬಟ್ಟೆಯಲ್ಲಿ ಓಡಾಡಿದರು. ಅದೂ ರೂಢಿಯಾಯಿತು. ತುಳಿದ ಕಾಗದಗಳು ಮಾತ್ರ ಹೋಗಲು ಜಾಗವಿಲ್ಲದೆ ಚರಂಡಿಯಲ್ಲಿ ತೇಲಿದವು. ಪುರಸಭೆಯವರು ಅವನ್ನು ಕೋಲಿನಿಂದ ಎತ್ತಿ ಸುಟ್ಟರು. ನನ್ನ ಕೆಲಸ ಚೆನ್ನಾಗಿಯೇ ನಡೆಯಿತು. ಊಟ ಮಾತ್ರ ಮೊದಲಿನಂತೆ ಸೇರುತ್ತಿರಲಿಲ್ಲ.

ಬಲಗಡೆಯ ಕಂಬ ಎದ್ದು ನಿಂತಿತು. ಈಗ ನನ್ನ ಬುದ್ಧಿವಂತಿಕೆ ನೋಡಿ. ಕಮಾನಿಗೆ ಎರಡು ಕಂಬ ಬೇಕು ಎಂಬುದು ಊರಿಗೆಲ್ಲ ಅರ್ಜಿ ಬರೆದುಕೊಡುವ ಈ ಮಹಾಶಯನಿಗೆ ಹೊಳೆದಿರಲಿಲ್ಲ. ಮೇಸ್ತ್ರಿ ಒಂದು ಬೆಳಗ್ಗೆ ಬಂದು ನನ್ನ ಮೇಜಿನ ಕೆಳಗೆ ಸುಣ್ಣದ ಗೆರೆ ಎಳೆದ.

ನಾನು ಅಧ್ಯಕ್ಷರ ಹತ್ತಿರ ಓಡಿದೆ. “ನೋಡ್ರಿ ಮೇಷ್ಟ್ರೇ, ನಿಮ್ಮ ಮೇಲೆ ನನಗೇನೂ ಇಲ್ಲ” ಅಂದರು. “ನೋಟೀಸ್ ಹೊರಡಿಸಿದೀವಿ. ಯಾರಿಗಾದ್ರೂ ಸಂಬಂಧ ಇದ್ರೆ ಬಂದು ಸಹಿ ಹಾಕ್ಲಿ. ಅಷ್ಟು ಜನಕ್ಕೆ ಬರೆದುಕೊಟ್ಟಿದೀರಿ, ಒಬ್ಬ ಇರಲ್ವಾ?”

ಆ ನೋಟೀಸು ಬರೆದವನು ಶಾಂತವೀರ. ಎಂಟು ವರ್ಷ ನನ್ನ ನೋಟೀಸುಗಳನ್ನು ನೋಡಿ ಕಲಿತವನು. ಓದಿ ನೋಡಿದೆ. ಸದರಿ ಮೇಜು, ಮೇಲ್ಕಂಡ ಸ್ಟೂಲು, ತತ್ಸಂಬಂಧ ಅನುಭೋಗದಾರರು. ಒಂದು ತಪ್ಪಿರಲಿಲ್ಲ. ಮೊದಲ ದಿನವೇ ಅದು ಹೆಣದಂತೆ ಬಿದ್ದಿತು.

ನಾನೂ ಮನೆಮನೆಗೆ ಹೋದೆ. ವಕೀಲರ ಹೆಂಡತಿ ನನಗೂ ಮಜ್ಜಿಗೆ ಕೊಟ್ಟರು. ನಾನು ಯಾರಿಗೆ ಮದುವೆಯ ಸರ್ಟಿಫಿಕೇಟು ಬರೆದಿದ್ದೆನೋ, ಯಾರಿಗೆ ನೌಕರಿಯ ಅರ್ಜಿ ಬರೆದಿದ್ದೆನೋ ಅವರೆಲ್ಲ ಜಗಲಿಯ ಮೇಲೆ ಕಾಲು ಎತ್ತಿ ಕೂತು, “ಅಯ್ಯೋ ಪಾಪ ಮೇಷ್ಟ್ರೇ, ನಿಮಗೆ ಹೀಗಾಗಬಾರದಿತ್ತು” ಅಂದರು. ಮೂರನೆಯ ದಿನ ಬೆಳಗ್ಗೆ ಶಾಂತವೀರ ಬಂದು ಮೇಜಿನ ಮೇಲೆ ಕಾಗದ ಕಾಣುತ್ತಿಲ್ಲವೆಂದ. ಇಲಿ ಎಳೆದಿರಬೇಕು ಎಂದೂ ಸೇರಿಸಿದ. ನಾನೂ ಹಾಗೇ ಅಂದುಕೊಂಡೆ. ನನ್ನ ವಿಷಯಕ್ಕೆ ಹೊರಟು ಹೋಗುವ ಕಾಗದ ಯಾವುದಿದೆ?

ಮಧ್ಯಾಹ್ನ ಅದೇ ಸ್ಟೂಲಿನ ಮೇಲೆ, ಅದೇ ಅಡ್ಡಪಟ್ಟಿಗೆ ಕಾಲು ಏರಿಸಿ, ಶಾಯಿ ಬಾಟಲಿಗಳನ್ನು ಚೀಲಕ್ಕೆ ತುಂಬುತ್ತಿದ್ದೆ. ನಾಲ್ಕು ದಾಟಿತ್ತು. ಕಂಬದ ನೆರಳಿನಿಂದ ಮಾಚಮ್ಮ ಬಂದಳು. ಕೆರೆಕೋಡಿಯಿಂದ ಬಿಸಿಲಲ್ಲಿ ನಡೆದು ಬಂದಿದ್ದಳು. ಕಾಲೆಲ್ಲ ಧೂಳು. ಕೈಯಲ್ಲಿ ಬಿಳಿ ಬಟ್ಟೆಯ ಮಡಿಕೆ. ಬಿಡಿಸಿದಳು. ಒಳಗೆ ಒಂದು ಸುಕ್ಕೂ ಇಲ್ಲದಂತೆ ಇಸ್ತ್ರಿ ಮಾಡಿದ ಕಾಗದ.

“ಬೆಳಗ್ಗೆ ನೀರು ಸೇದ್ತಿದ್ದೆ ಮೇಷ್ಟ್ರೆ, ಬಂದು ಕಾಲ್ಗೆ ತಾಗ್ತು. ಅಷ್ಟ್ ದೂರ ಬಂದು ವದ್ದೆ ಮುದ್ದೆ ಆಗಿತ್ತು. ವಣಗ್ಸಿ, ಇಸ್ತ್ರಿ ಹಾಕಿ ತರೋ ವತ್ಗೆ ಇಷ್ಟ್ ವತ್ತಾಯ್ತು. ಇದ್ರಾಗೆ ನನ್ ಹೆಸ್ರಿಲ್ಲ. ಯಾರ್ದು, ಓದಿ ಹೇಳಿ.”

“ನಿನ್ನ ಹೆಸರಿಲ್ಲ ಅಂತ ನಿನಗೆ ಹೇಗೆ ಗೊತ್ತು?” ಎಂದೆ.

“ಓದಕ್ಕೆ ಬರಕಿಲ್ಲ, ದಿಟ. ನನ್ ಹೆಸ್ರು ಬರ್ದ್ರೆ ಹೆಂಗಿರ್ತದೆ ಅಂತ ರೇಷನ್ ಕಾರ್ಡ್ ಮ್ಯಾಲೆ ದಿನಾ ನೋಡಾಕಿಲ್ವ?” ಅಂದಳು. “ಅವತ್ತಿನ್ ಕಾಗ್ದದಾಗೆ ಇತ್ತು. ಮೂಲೇನಾಗೆ ಬರ್ದಿದ್ರಿ.”

ನನಗೆ ತಲೆ ಎತ್ತಲಾಗಲಿಲ್ಲ. “ಗೊತ್ತಿದ್ದೂ ಯಾಕೆ ಕೇಳಲಿಲ್ಲ? ಒಂದು ಮಾತು ಕೂಗಿ ಹೇಳಬಹುದಿತ್ತಲ್ಲ, ಮೂರು ಗಂಟೆ ಹೊತ್ತು ನೀನು ಎದುರಿಗೇ ನಿಂತಿದ್ದೆ.”

“ತಾಗಿಸ್ಕಳಿ ಅಂತ ಬಲ್ವಂತ ಮಾಡಕಾಯ್ತದಾ? ನನ್ ಕೈಲಾಗಿದ್ದು ಅದ್ನ ನೆಟ್ಟಗ್ ಮಾಡಿ ಬುಡೋದು. ಬುಟ್ಟೆ.” ಅವಳು ಹಂಗಿಸಲಿಲ್ಲ, ಕೋಪವನ್ನೂ ತೋರಿಸಲಿಲ್ಲ. ಕಾಗದವನ್ನು ಮತ್ತೆ ಮುಂದೆ ಹಿಡಿದಳು. “ಈಗ ಇದ್ಯಾರ್ದು, ಅದ್ನ ಹೇಳಿ.”

ನಾನು ಓದಿದೆ. ಇಷ್ಟು ವರ್ಷ ಯಾರ ಎದೆಗೂ ತಾಗದಂತೆ ಬರೆಯುವುದನ್ನೇ ವಿದ್ಯೆ ಅಂದುಕೊಂಡವನು, ಸದರಿಯನ್ನೂ ಮೇಲ್ಕಂಡವನ್ನೂ ಬಿಟ್ಟು, ಅವಳಿಗೆ ತಿಳಿಯುವ ಹಾಗೆ ಹೇಳಿದೆ. “ನನ್ನದು ಮಾಚಮ್ಮ. ಈ ಮೇಜು ಕಿತ್ತು ಕಂಬ ನಿಲ್ಲಿಸುತ್ತಾರಂತೆ. ಐದರೊಳಗೆ ಯಾರಾದರೂ ಸಹಿ ಹಾಕಿದರೆ ಉಳಿಯುತ್ತೆ.” ಅವತ್ತು ಅವಳಿಗೆ ಹೇಳಿದ ಲೈಸೆನ್ಸಿನ ಸುಳ್ಳಿಗೂ ಸೇರಿಸಿ ಏನೋ ಹೇಳಹೋದೆ. ಅವಳು ಕೇಳಿಸಿಕೊಳ್ಳಲಿಲ್ಲ. ಬಿಳಿ ಬಟ್ಟೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿ, ಕಟ್ಟೆಯ ಮೇಲೆ ಆಗಲೇ ಕಾಲು ಎತ್ತಿ ಕೂತಿದ್ದ ಜನರ ಮುಂದೆ ಕಾಗದ ಹಿಡಿದುಕೊಂಡು ಕಿಟಕಿಯ ಕಡೆ ನಾಲ್ಕು ಹೆಜ್ಜೆ ಹಾಕಿದಳು. ನಾನು ಬರುತ್ತಿಲ್ಲವೆಂದು ಕಂಡು ತಿರುಗಿದಳು.

“ಹಂಗ್ಯಾಕ್ ಕುಂತಿದ್ದೀರಿ? ನಂಗೆ ಸಹಿ ಬರಕಿಲ್ಲ, ಹೆಬ್ಬೆಟ್ಟು ವತ್ಬೇಕು. ನೀವು ಬಂದು ಎಲ್ಲಿ ಅಂತ ತೋರ್ಸಿ. ಏಳಿ, ಐದಕ್ಕೆ ಮುಚ್ತಾರೆ.”

ನಾನು ಕಾಲು ಕೆಳಗಿಟ್ಟೆ.